ಮೊಲದ ಹಿಕ್ಕೆ, ಒದ್ದೆ ಹುಲ್ಲು: ಅಪ್ಪಯ್ಯನಿಗೊಂದು ಪತ್ರ

ಟೊರಾಂಟೊ
ನವೆಂಬರ್ 19, 2023

ತೀರ್ಥರೂಪ ಅಪ್ಪಯ್ಯನವರಿಗೆ ಮತ್ತು ಆಯಿಗೆ,

ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮ. ಆಯಿ, ನಿನ್ನ ಮಂಡಿನೋವು ಈಗ ಹೇಗಿದೆ?

ದೊಡ್ಡಹಬ್ಬದ ದಿನ, ದೀಪಾವಳಿಗೆ, ಫೋನಿನಲ್ಲಿ ಮಾತಾಡುವಾಗ, ಅಣ್ಣ ಪುಟ್ಟಿಗೆ ಎರಡು ಮೊಲದ ಮರಿ ತಂದುಕೊಟ್ಟ ಸುದ್ದಿ ಹೇಳಿದಿರಿ. ಹಿಂದೆಯೇ, "ಅದರ ಹಿಕ್ಕೆಯೆಲ್ಲ ಎಲ್ಲಿ ಹಾಕವು? ನೀ ಅಲ್ಲಿ ಎಂತ ಮಾಡ್ತೆ?" ಎಂದು ಕೇಳಿದಿರಿ. ಆಗ ನಿಮ್ಮಲ್ಲಿ ಗೋಪೂಜೆಯ ಗಡಿಬಿಡಿ, ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿಯೂ ಅದಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಮಾಡುತ್ತ ಬಂದ ಕೆಲಸ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪುಟ್ಟಿಗೂ ಓದಿ ಹೇಳಿ.

ಬೆಳೆದ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ನಮ್ಮಲ್ಲಿರುವುದು ಎರಡು, ಹೆಸರು ಬೆಲ್ಲ ಮತ್ತು ಬೂದಿ. ಲೆಕ್ಕ ಕೇಳಿ ಹೆದರಬೇಡಿ, ಹಿಕ್ಕೆಯಿಂದ ಏನೂ ತೊಂದರೆಯಿಲ್ಲ. ಕಡಲೆ ಕಾಳಿನಷ್ಟು ದಪ್ಪ, ಒಣ ಒಣ. ಬೆರಳಲ್ಲಿ ಒತ್ತಿದರೆ ಹುಲ್ಲಿನ ನಾರಾಗಿ ಉದುರುತ್ತದೆ, ವಾಸನೆ ಇಲ್ಲವೆಂದೇ ಹೇಳಬೇಕು. ಕಷ್ಟ ಇರುವುದು ಉಚ್ಚೆಯದು. ಮೊಲ ತಿಂದ ಕ್ಯಾಲ್ಸಿಯಂನಲ್ಲಿ ಹೆಚ್ಚಾದದ್ದು ಉಚ್ಚೆಯಲ್ಲೇ ಹೊರಗೆ ಹೋಗುತ್ತದೆ. ಹಾಗಾಗಿ ಅದು ತಿಳಿ ಸುಣ್ಣದ ನೀರಿನಂತೆ ಮಸುಕಾಗಿರುತ್ತದೆ, ಒಣಗಿದ ಮೇಲೆ ತಟ್ಟೆಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಎರಡು ದಿನ ಬಿಟ್ಟರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ನಮಗೇ ಹಾಗಾದರೆ ನೆಲಕ್ಕೆ ಮೂಗು ಹಚ್ಚಿಕೊಂಡೇ ಇರುವ ಆ ಪ್ರಾಣಿಗೆ ಹೇಗಾಗಬೇಡ? ಒಮ್ಮೊಮ್ಮೆ ಉಚ್ಚೆ ಕೆಂಪಗೆ ಹೋಗುತ್ತದೆ. ತಿಂದ ಸೊಪ್ಪಿನ ಬಣ್ಣದಿಂದಲೂ ಹಾಗೆ ಆಗುತ್ತದೆ, ಪುಟ್ಟಿ ಗಾಬರಿಯಾಗುವುದು ಬೇಡ. ಆದರೆ ಮೊಲ ಮುಕ್ಕರಿಸುತ್ತಿದ್ದರೆ, ಮೇವು ಬಿಟ್ಟರೆ, ಆಗ ಡಾಕ್ಟರಿಗೆ ತೋರಿಸಲೇಬೇಕು.

ನಾವು ಒಂದು ಅಗಲದ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೇವೆ. ಅದರ ತಳಕ್ಕೆ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ, ಮೇಲೆ ಟಿಮೊತಿ ಅನ್ನುವ ಒಣಹುಲ್ಲು. ಟಿಮೊತಿ ಅಂದರೆ ಇಲ್ಲಿಯ ಕರಡ ಅಂದುಕೊಳ್ಳಿ. ಮೊಲ ಹುಲ್ಲು ತಿನ್ನುತ್ತಲೇ ಅಲ್ಲೇ ಹಿಕ್ಕೆ ಹಾಕುತ್ತದೆ, ಹಾಗಾಗಿ ಒಂದೇ ಮೂಲೆಗೆ ಬೇಗ ರೂಢಿಯಾಗುತ್ತದೆ. ಉಚ್ಚೆ ಬಿದ್ದ ಕಡೆ ಗುಳಿಗೆ ಉಬ್ಬಿ ಪುಡಿಯಾಗುತ್ತದೆ. ಅಷ್ಟನ್ನೇ ಗೋರಿ ತೆಗೆದು ಹೊಸದು ಹಾಕಿದರೆ ಆಯಿತು. ನೀವು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಸೊಪ್ಪು ಹಾಸಿ, ಸಗಣಿ ಗಂಜಲ ಹೀರಿದ ಮೇಲೆ ಎಳೆದು ಗುಂಡಿಗೆ ಹಾಕುತ್ತೀರಲ್ಲ, ಅದೇ ಕೆಲಸ. ಈ ಮಾತು ನನಗೆ ಮೊದಲ ದಿನವೇ ಹೊಳೆದಿದ್ದರೆ ಒಂದು ದೊಡ್ಡ ಅವಾಂತರ ತಪ್ಪುತ್ತಿತ್ತು.

ಅದನ್ನು ನಿಮಗೆ ಈವರೆಗೆ ಹೇಳಿರಲಿಲ್ಲ. ಮೊದಲ ವರ್ಷ ನಾವು ಬೇಸ್‌ಮೆಂಟ್ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಕಸ ಇಡಲು ಹಿತ್ತಿಲಿಗೆ ಹೋಗಬೇಕು, ಹೊರಗೆ ಮೊಣಕಾಲುದ್ದ ಹಿಮ. ಹಿಕ್ಕೆ ತಾನೇ, ಕರಗಿ ಹೋಗುತ್ತದೆ ಅಂದುಕೊಂಡು ಸಂಡಾಸಿಗೆ ಹಾಕಿ ನೀರು ಬಿಡುತ್ತಿದ್ದೆ. ಅದರ ಜೊತೆ ಗುಳಿಗೆಯೂ ಹುಲ್ಲೂ ಹೋದವು. ಎರಡನೇ ವಾರ ನೀರು ಕೆಳಗಿಳಿಯುವ ಬದಲು ಮೇಲೆ ಬಂತು. ಪ್ಲಂಬರ್ ಬಂದು ಕೊಳವೆಯಿಂದ ಎಳೆದು ತೆಗೆದದ್ದು ಒಂದು ಬಕೆಟ್ ಮರದ ಹಿಟ್ಟು, ಅದರ ತುಂಬ ಹುಲ್ಲಿನ ಎಳೆ ಹೆಣೆದುಕೊಂಡಿತ್ತು, ಗೋಡೆ ಮೆತ್ತುವ ಮಣ್ಣು ಕಲಸಿದ ಹಾಗೆ. ಮೇಲಿನ ಮನೆಯವರಿಗೂ ಒಂದಿಡೀ ದಿನ ನೀರು ಬಂದ್. ಅವರು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು ಅನ್ನಿಸಿತ್ತು ನನಗೆ. ಅಣ್ಣನಿಗೆ ಹೇಳಿ: ಇದನ್ನು ಎಂದೂ ಸಂಡಾಸಿಗೆ, ಬಚ್ಚಲ ಗಟಾರಕ್ಕೆ ಬಿಡಬಾರದು.

ಆಮೇಲೆ ತಿಳಿಯಿತು, ಈ ಊರಿನಲ್ಲಿ ಇದಕ್ಕೆ ಸರಿಯಾದ ದಾರಿಯೇ ಇದೆ ಎಂದು. ಟೊರಾಂಟೊದಲ್ಲಿ ಮನೆಮನೆಗೂ ಒಂದು ಹಸಿರು ಡಬ್ಬಿ ಕೊಡುತ್ತಾರೆ, ಗ್ರೀನ್ ಬಿನ್. 2002ರಲ್ಲಿ ಎಟೋಬಿಕೋ ಕಡೆ ಶುರುವಾಗಿ ಆಮೇಲೆ ಊರಿಗೆಲ್ಲ ಬಂತು. ಅಡುಗೆಮನೆಯ ಸಿಪ್ಪೆ, ಉಳಿದ ಅನ್ನದ ಜೊತೆಗೆ ಸಾಕುಪ್ರಾಣಿಯ ಹಿಕ್ಕೆ, ಹಾಸಿಗೆಯ ಹುಲ್ಲು, ಬೆಕ್ಕಿನ ಹೇಲುಚ್ಚೆಯ ತಟ್ಟೆಗೆ ಹಾಕುವ ಮಣ್ಣು, ಮಕ್ಕಳ ಡಯಾಪರ್ ಕೂಡ ಅದಕ್ಕೇ ಹಾಕಬಹುದು. ವಾರ ವಾರವೂ ಲಾರಿ ಬಂದು ಒಯ್ಯುತ್ತದೆ. ಉಳಿದ ಕಸದ ಡಬ್ಬಿಗೆ ಅದರ ಗಾತ್ರ ನೋಡಿ ದುಡ್ಡು ಕಟ್ಟಬೇಕು, ಹಸಿರು ಡಬ್ಬಿಗೆ ಬೇರೆ ದುಡ್ಡಿಲ್ಲ. ಎಲ್ಲ ಊರಿನಲ್ಲೂ ಹೀಗೇ ಅಂತಲ್ಲ, ಊರು ಬದಲಾದರೆ ನಿಯಮವೂ ಬದಲಾಗುತ್ತದೆ.

ಹಾಗೆ ಒಯ್ದದ್ದು ಏನಾಗುತ್ತದೆ ಎಂದು ನೀವು ಖಂಡಿತ ಕೇಳುತ್ತೀರಿ. ಮೊದಲು ನೀರಿನಲ್ಲಿ ಕದಡಿ ಪ್ಲಾಸ್ಟಿಕ್ ಬೇರೆ ಮಾಡುತ್ತಾರೆ. ಆಮೇಲೆ ಗಾಳಿಯಾಡದ ದೊಡ್ಡ ಟ್ಯಾಂಕಿನಲ್ಲಿ ಕೊಳೆಯಿಸಿ ಗ್ಯಾಸ್ ತೆಗೆಯುತ್ತಾರೆ, ಉಳಿದ ರಾಡಿ ಗೊಬ್ಬರಕ್ಕೆ ಹೋಗುತ್ತದೆ. ನಮ್ಮ ಹಿತ್ತಿಲ ಗೋಬರ್ ಗ್ಯಾಸಿನ ಡೋಮ್ ಇದೆಯಲ್ಲ, ಅದನ್ನೇ ಒಂದು ನಗರಕ್ಕೆ ಸಾಕಾಗುವಷ್ಟು ದೊಡ್ಡದು ಮಾಡಿದ ಹಾಗೆ. ಅದೇ ಹಿಕ್ಕೆಯನ್ನು ಕರಿ ಕಸದ ಡಬ್ಬಿಗೆ ಹಾಕಿದರೆ ಸುಮಾರು 200 ಕಿಲೋಮೀಟರ್ ದೂರದ ಕಸದ ಗುಡ್ಡಕ್ಕೆ ಹೋಗಿ ಮಣ್ಣಡಿ ಸೇರುತ್ತದೆ. ಒಳ್ಳೆಯ ಗೊಬ್ಬರವನ್ನು ಲಾರಿ ಬಾಡಿಗೆ ಕೊಟ್ಟು ಹೂಳಲು ನನಗಂತೂ ಮನಸ್ಸು ಬರುವುದಿಲ್ಲ.

ಚಳಿಗಾಲದ ಪಾಡೇ ಬೇರೆ. ಜನವರಿಯಲ್ಲಿ ಮೈನಸ್ 20ಕ್ಕೆ ಹೋದ ದಿನ, ಒದ್ದೆ ಹುಲ್ಲು ಡಬ್ಬಿಯ ತಳಕ್ಕೆ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಲಾರಿ ಎತ್ತಿ ಕವುಚಿದರೂ ಬೀಳುವುದಿಲ್ಲ. ತಳಕ್ಕೆ ಒಂದು ರಟ್ಟಿನ ತುಂಡು ಹಾಕಿ, ಒದ್ದೆಯಾದದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟರೆ ಪೂರ್ತಿ ಜಾರಿ ಬೀಳುತ್ತದೆ. ಬೇಸಿಗೆಯಲ್ಲಿ ರಕೂನಿನ ಕಾಟ. ನಮ್ಮ ಪುನುಗುಬೆಕ್ಕಿಗಿಂತ ದಪ್ಪದ ಪ್ರಾಣಿ, ಮುಂಗಾಲು ಮನುಷ್ಯರ ಕೈಯಂತೆ. ಅದರ ಉಪದ್ರಕ್ಕಾಗಿಯೇ 2016ರಿಂದ ಚಿಲಕ ತಿರುಗಿಸುವ ಹೊಸ ಡಬ್ಬಿ ಕೊಟ್ಟಿದ್ದಾರೆ.

ಈ ಮನೆಗೆ ಬಂದ ಮೇಲೆ ಹಿತ್ತಿಲು ಸಿಕ್ಕಿತು. ಮೂಲೆಯಲ್ಲಿ ಕರಿ ಪೀಪಾಯಿ ಇಟ್ಟು ನಾನೇ ಗೊಬ್ಬರ ಮಾಡುತ್ತಿದ್ದೇನೆ. ಮೊದಲ ವರ್ಷ ತಟ್ಟೆಯಲ್ಲಿದ್ದದ್ದನ್ನೆಲ್ಲ ಹಾಗೇ ಸುರಿದೆ. ಏಳು ತಿಂಗಳಾದರೂ ಮರದ ಪುಡಿ ಮರದ ಪುಡಿಯೇ. ನಿಮಗೆ ಫೋನ್ ಮಾಡಿದ್ದೆ, ನೆನಪಿದೆಯೇ? "ಒಂದು ಮುಷ್ಟಿ ತಗಂಡು ಹಿಂಡಿ ನೋಡು. ಕೈ ಒದ್ದೆ ಆಗವು, ನೀರು ತೊಟ್ಟಿಕ್ಕಲಾಗ" ಅಂದಿರಿ. ಹಿಂಡಿದೆ. ಕೈಗೆ ಪುಡಿ ಮಾತ್ರ ಬಂತು, ಒಳಗೆಲ್ಲ ಬೂದಿಯಂತೆ ಒಣ. ನೀರು ಹಾಕಿ, ಅಡುಗೆಮನೆಯ ಹಸಿ ಸಿಪ್ಪೆ ಸೇರಿಸಿ, ಗುದ್ದಲಿಯಿಂದ ಮಗುಚಿದೆ. ನಾಲ್ಕನೇ ದಿನ ಮುಚ್ಚಳ ತೆಗೆದಾಗ ಮುಖಕ್ಕೆ ಹಬೆ ಬಡಿಯಿತು. ನಮ್ಮ ಗುಂಡಿ ಅಗೆಯುವಾಗ ಬೆಳಿಗ್ಗೆ ಏಳುವ ಅದೇ ಹಬೆ, ಅದೇ ವಾಸನೆ. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ ಅಪ್ಪಯ್ಯ. ಮಾಣಿ ಒಳಗಿಂದ ಕರೆದರೂ ಕೇಳಲಿಲ್ಲ.

ಈಗ ಎರಡು ಭಾಗ ಮಾಡುತ್ತೇನೆ. ಒಣ ಹಿಕ್ಕೆ, ತಿನ್ನದೆ ಬಿಟ್ಟ ಹುಲ್ಲು ಒಂದು ಬಕೆಟಿಗೆ, ಅದು ನಮ್ಮ ಪೀಪಾಯಿಗೆ. ಉಚ್ಚೆ ಕುಡಿದ ಮರದ ಪುಡಿ ಹೆಚ್ಚಿನ ಪಾಲು ಹಸಿರು ಡಬ್ಬಿಗೆ. ಮರದ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಎಲೆ ಹಳದಿಯಾಗುತ್ತದೆ. ಬರಿ ಹಿಕ್ಕೆಗೆ ಆ ದೋಷವಿಲ್ಲ. ಹಸಿ ಸಗಣಿಯಲ್ಲಿ ಸಾರಜನಕ ಅರ್ಧ ಪರ್ಸೆಂಟಿನ ಆಸುಪಾಸು ಇದ್ದರೆ ಮೊಲದ ಹಿಕ್ಕೆಯಲ್ಲಿ ಎರಡು ಪರ್ಸೆಂಟಿನ ಆಸುಪಾಸು. ಕೋಳಿ ಗೊಬ್ಬರದಂತೆ ಸುಡುವುದೂ ಇಲ್ಲ. ಮೇ ಕೊನೆಗೆ, ಹಿಮದ ಭಯ ಹೋದ ಮೇಲೆ, ಬದನೆ ಟೊಮೆಟೊ ಸಸಿಯ ಸುತ್ತ ಒಂದೊಂದು ಬೊಗಸೆ ಹಾಕಿ ಮಣ್ಣು ಮುಚ್ಚುತ್ತೇನೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆಗೆ ಮಾತ್ರ ಪೂರ್ತಿ ಕೊಳೆತ ಗೊಬ್ಬರವೇ ಆಗಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಒಂದು ವರ್ಷ ಬೂದಿಗೆ ಕಾಯಿಲೆ ಬಂತು. ಬೆಳಿಗ್ಗೆ ನೋಡಿದರೆ ಕತ್ತು ಒಂದು ಕಡೆಗೆ ವಾಲಿ, ನಿಲ್ಲಲಾಗದೆ ಉರುಳುತ್ತಿತ್ತು. ಎನ್ಸೆಫಲಿಟೊಝೂನ್ ಅನ್ನುವ ಸೂಕ್ಷ್ಮಜೀವಿಯದು ಇರಬಹುದು, ಅದು ಉಚ್ಚೆಯಿಂದ ಹರಡುತ್ತದೆ ಎಂದರು ಡಾಕ್ಟರು. 28 ದಿನ ಔಷಧಿ. ಅಷ್ಟೂ ದಿನ ಅದರ ಹುಲ್ಲು ಹಿಕ್ಕೆ ಒಂದನ್ನೂ ಪೀಪಾಯಿಗೆ ಹಾಕಲಿಲ್ಲ, ಚೀಲ ಕಟ್ಟಿ ಊರಿನ ಡಬ್ಬಿಗೇ ಕಳಿಸಿದೆ. ಕೈಗವಸು ಬೇರೆ, ಗೋರುವ ಸೌಟು ಬೇರೆ. ಬೂದಿ ಉಳಿಯಿತು. ಕತ್ತು ಈಗಲೂ ಸ್ವಲ್ಪ ಓರೆ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ.

ಇನ್ನು ನಮ್ಮ ಮನೆಯ ಸಂಗತಿ. ಅಣ್ಣ ಮಿಲ್ಲಿನಿಂದ ಮರದ ಹೊಟ್ಟು ತರುತ್ತೇನೆ ಅಂದನಂತೆ. ಸಣ್ಣ ಪುಡಿ ಮೊಲದ ಮೂಗಿಗೆ, ಶ್ವಾಸಕ್ಕೆ ಒಳ್ಳೆಯದಲ್ಲ, ಪ್ಲೈವುಡ್ಡಿನ ಪುಡಿಯಂತೂ ಬೇಡವೇ ಬೇಡ. ಬೆಟ್ಟದ ದರಕು, ತರಗೆಲೆ ಹಾಸುವ ಯೋಚನೆಯನ್ನೂ ಬಿಡಿ. ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ಸೀಮೆಗೆ ಹೊಸದಲ್ಲ. ಅದನ್ನು ಹರಡುವ ಉಣುಗು ಇರುವುದೇ ಕಾಡಿನ ತರಗೆಲೆಯಲ್ಲಿ, ಹೆಚ್ಚು ಕಚ್ಚುವುದು ಈಗಿನಿಂದ ಬೇಸಿಗೆ ಮುಗಿಯುವವರೆಗೆ. ಪುಟ್ಟಿ ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವಳು. ಗದ್ದೆಯ ಭತ್ತದ ಹುಲ್ಲನ್ನೇ ಬಿಸಿಲಿಗೆ ಒಣಗಿಸಿ, ಬೂಸ್ಟು ಹಿಡಿಯದ್ದು ನೋಡಿ ಹಾಸಿ. ಅಡಿಗೆ ಒಂದು ಅಡಿಕೆ ಹಾಳೆ ಮಡಿಚಿ ಇಟ್ಟರೆ ತಟ್ಟೆಯೇ ಬೇಡ, ಹಾಳಾದರೆ ಹುಲ್ಲಿನ ಸಮೇತ ಎತ್ತಿ ಗುಂಡಿಗೆ ಹಾಕಬಹುದು. ಇಲ್ಲಿ ನನಗೆ ಒಂದೇ ಒಂದು ಹಾಳೆ ಸಿಕ್ಕಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ!

ಮಳೆಗಾಲದಲ್ಲಿ ಮಾತ್ರ ಒಂದು ದಿನವೂ ತಪ್ಪಿಸದೆ ಒದ್ದೆ ಹುಲ್ಲು ತೆಗೆಯಬೇಕು. ಇಲ್ಲಿಯೇ ಒಂದು ಜುಲೈನಲ್ಲಿ, ಬೆಲ್ಲದ ಬಾಲದಡಿ ಒದ್ದೆಯಾದ ಕೂದಲಿನಲ್ಲಿ ಅಕ್ಕಿನುಚ್ಚಿನಂಥದ್ದು ಅಂಟಿಕೊಂಡಿತ್ತು. ನೊಣದ ಮೊಟ್ಟೆ. ಒಂದು ದಿನದೊಳಗೆ ಒಡೆದು ಹುಳವಾಗಿ ಜೀವಂತ ಮೊಲದ ಮಾಂಸ ತಿನ್ನಲು ಶುರುಮಾಡುತ್ತವೆ. ಬಾಚಣಿಗೆಯಿಂದ ಒಂದೊಂದೇ ತೆಗೆದು ಡಾಕ್ಟರ ಹತ್ತಿರ ಓಡಿದೆವು. ನಮ್ಮೂರಿನ ಆಷಾಢದ ನೊಣ ನೆನೆಸಿಕೊಂಡರೆ ಭಯವಾಗುತ್ತದೆ. ಗೂಡು ಕೊಟ್ಟಿಗೆಯ ಜಗಲಿಯಲ್ಲಿ, ಎತ್ತರದಲ್ಲಿ ಇರಲಿ. ತೆಗೆದ ಹುಲ್ಲನ್ನು ಪಕ್ಕದಲ್ಲೇ ರಾಶಿ ಹಾಕಬೇಡಿ, ಅಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಉಚ್ಚೆ ಒಣಗಿ ತಟ್ಟೆಗೆ ಕಟ್ಟಿದ ಬಿಳಿ ಹಕ್ಕಳೆ ಹೋಗಲು ಹುಳಿಯೇ ಮದ್ದು. ನಾನು ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು ತಿಕ್ಕುತ್ತೇನೆ, ನಿಂಬೆಹಣ್ಣಿನ ಹೋಳಾದರೂ ನಡೆಯುತ್ತದೆ. ಬ್ಲೀಚಿಂಗ್ ಪೌಡರನ್ನು ಮಾತ್ರ ಉಚ್ಚೆಯ ಮೇಲೆ ಹಾಕಬಾರದು, ವಿನೆಗರಿಗೂ ಸೇರಿಸಬಾರದು, ಎರಡರಿಂದಲೂ ವಿಷದ ಗಾಳಿ ಏಳುತ್ತದೆ. ಆಯಿ, ಬಾವಿಗೆಂದು ತಂದ ಡಬ್ಬಿಯನ್ನು ಅಲ್ಲಿಂದ ದೂರ ಇಡು.

ಪುಟ್ಟಿಗೆ ಇನ್ನೊಂದು ಮಾತು. ಮೊಲ ಎರಡು ಥರದ ಹಿಕ್ಕೆ ಹಾಕುತ್ತದೆ. ದ್ರಾಕ್ಷಿ ಗೊಂಚಲಿನಂತೆ ಮೆತ್ತಗೆ, ಹೊಳೆಯುವುದು ಇನ್ನೊಂದು. ಅದನ್ನು ಮೊಲವೇ ಬಾಗಿ ಬಾಯಿ ಹಾಕಿ ತಿನ್ನುತ್ತದೆ. ಹೊಟ್ಟೆಯೊಳಗೆ ಹುಳಿ ಬಂದು ತಯಾರಾದ ಮೇವು ಅದು, ದನ ಮೆಲುಕು ಹಾಕುವ ಹಾಗೆಯೇ ಒಂದು ಕ್ರಮ. ಛೀ ಅಂದು ಬಿಡಿಸಲು ಹೋಗಬಾರದು. ಅದು ತಿನ್ನದೆ ನೆಲದಲ್ಲಿ ಬಿದ್ದೇ ಇರುತ್ತಿದ್ದರೆ, ಹಿಂಡಿ ಹೆಚ್ಚಾಗಿ ಹುಲ್ಲು ಕಡಿಮೆಯಾಗಿದೆಯೋ ನೋಡಿ. ಹಿಕ್ಕೆಯೇ ಬೀಳದ ದಿನ ಬಂದರೆ ಮಾರನೇ ದಿನದವರೆಗೆ ಕಾಯಬೇಡಿ, ಆ ಹೊತ್ತಿಗೇ ಡಾಕ್ಟರಿಗೆ ಫೋನ್ ಮಾಡಿ. ಮತ್ತೆ, ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯಬೇಕು ಪುಟ್ಟಿ.

ಅಪ್ಪಯ್ಯ, ನನಗೂ ಒಂದು ಪ್ರಶ್ನೆ ಇದೆ. ಈ ಸಲದ ಪೀಪಾಯಿಯ ಗೊಬ್ಬರ ಅರ್ಧ ಹಣ್ಣಾಗಿದೆ, ಅಷ್ಟರಲ್ಲಿ ಮೊನ್ನೆಯಿಂದ ಹಿಮ ಶುರುವಾಯಿತು. ಹಾಗೇ ಹೆಪ್ಪುಗಟ್ಟಲು ಬಿಟ್ಟು ಏಪ್ರಿಲ್‌ನಲ್ಲಿ ಮಗುಚಲೇ? ಅಥವಾ ಅರ್ಧ ಹಣ್ಣಾದದ್ದನ್ನೇ ಈಗ ಪಾತಿಗೆ ಹರಡಿ, ಮೇಲೆ ಹುಲ್ಲು ಮುಚ್ಚಿ ಬಿಡಲೇ? ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಯೋಚಿಸಿಡಿ. ಪುಟ್ಟಿ ಮೊಲಗಳಿಗೆ ಏನು ಹೆಸರಿಟ್ಟಳು? ಗೂಡಿನ ಒಂದು ಫೋಟೋ ಕಳಿಸಲು ಅಣ್ಣನಿಗೆ ಹೇಳಿ, ನೆಲವೂ ಕಾಣುವ ಹಾಗೆ.

ಅಡಿಕೆ ಕೊಯ್ಲು ಶುರುವಾಯಿತೇ?

ನಿಮ್ಮ ಮಗಳು