ಬೋನಸ್ ದುಡ್ಡು ರಿವಾಲ್ವರ್‌ಗೆ ಬೇಡ, ಗುರಿ ಕಲಿಯೋಕೆ ಹಾಕೋಣ

ಮಾನ್ಯ ಸಂಪಾದಕರೇ,

ಗಿಣಿಗೇರಾ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಈಗ ಬೋನಸ್ಸಿನದೇ ಮಾತು. ಶೇ 8.33ಕ್ಕಿಂತ ಕಡಿಮೆ ಕೊಡುವಂತಿಲ್ಲ, ಶೇ 20 ದಾಟುವಂತಿಲ್ಲ ಅಂತ ಕಾನೂನು ಇದೆ. ನಮ್ಮ ಕೈಗೆ ಬರುವುದು ಇವೆರಡರ ನಡುವೆ ಎಲ್ಲೋ ಒಂದು ಕಡೆ. ಒಬ್ಬರು ಹೊಸ ಬೈಕಿಗೆ ಮುಂಗಡ ಅಂತಾರೆ, ಇನ್ನೊಬ್ಬರು ಹೆಂಡತಿಗೆ ಬಂಗಾರ ಅಂತಾರೆ, ಮತ್ತೊಬ್ಬರು ಮಕ್ಕಳ ಫೀಸು ಕಟ್ಟಿ ಸುಮ್ಮನಾಗುತ್ತಾರೆ. ನನಗೆ ಪಿಸ್ತೂಲ್ ಅಂದ್ರೆ ಪ್ರಾಣ, ಅದು ನಮ್ಮ ಶಿಫ್ಟಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಕ್ಯಾಂಟೀನಿನಲ್ಲಿ ಹುಡುಗರು ನನಗೆ ಹೇಳುವುದು ಒಂದೇ: "ಅಣ್ಣಾ, ಈ ಸಲ ಒಂದ್ ರಿವಾಲ್ವರ್ ತಗೊಂಡ್ಬಿಡು. ಕಡಿಮಿ ಬಿದ್ರ ಸೊಸೈಟ್ಯಾಗ ಸಾಲ ತಗಿ. ಆಯುಧ ಪೂಜಿಗೆ ಇಟ್ರ ಏನ್ ಗತ್ತು ಇರ್ತೈತಿ!"

ನಾನು ತಗೊಳ್ಳುವುದಿಲ್ಲ. ಯಾಕೆ ಅಂತ ನಿಮ್ಮ ಪತ್ರಿಕೆ ಮೂಲಕವೇ ಹೇಳೋಣ ಅನಿಸಿತು. ನನ್ನ ಹಾಗೇ ಪಿಸ್ತೂಲ್ ಆಸೆ ಇರುವ ಹುಡುಗರು ಈ ಭಾಗದಲ್ಲಿ ಬಹಳ ಜನ ಇದ್ದಾರೆ, ಅವರ ಕೈಯಲ್ಲೂ ಈಗ ದುಡ್ಡಿದೆ.

ಮೊದಲು ರಿವಾಲ್ವರ್ ವಿಷಯ ಮುಗಿಸಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಅರ್ಜಿ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಪೊಲೀಸರು ವಿಚಾರಣೆ ಮಾಡುತ್ತಾರೆ, ಯಾಕೆ ಬೇಕು ಅಂತ ಕಾರಣ ತೋರಿಸಬೇಕು. ಗತ್ತು ಅನ್ನುವುದು ಕಾರಣ ಅಲ್ಲ. ಸಿನಿಮಾದಲ್ಲಿ ನೋಡುವ 9 ಎಂಎಂ ಪಿಸ್ತೂಲ್ ನಮಗೆ ಸಿಗುವುದೂ ಇಲ್ಲ, ಅದು ನಿಷೇಧಿತ ಬೋರ್ (ನಳಿಗೆಯ ಅಳತೆ). ಸಾಮಾನ್ಯ ಜನಕ್ಕೆ ಸಿಗುವುದು ಹೆಚ್ಚಾಗಿ .32 ರಿವಾಲ್ವರ್, ಪಿಸ್ತೂಲ್. ನಮ್ಮ ದೇಶದ ಆರ್ಡ್‌ನನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳಲ್ಲೂ ಇವು ತಯಾರಾಗುತ್ತವೆ. ಕಾನ್ಪುರದ 'ನಿರ್ಭೀಕ್' ರಿವಾಲ್ವರ್ 2014ರಲ್ಲಿ ಬಂದಾಗಲೇ ಬೆಲೆ ಲಕ್ಷ ದಾಟಿತ್ತು. ಅಷ್ಟು ಕೊಟ್ಟು ತಂದ ಮೇಲೆ ಅದನ್ನು ಹಾರಿಸುವುದಾದರೂ ಎಲ್ಲಿ? ಹೊಲದಲ್ಲಿ ನಿಂತು ಹಾರಿಸುವಂತಿಲ್ಲ. ಗುಂಡು ಕೊಳ್ಳುವುದಕ್ಕೂ ಮಿತಿ ಇದೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬಾ ಅಂತ ಹೇಳಿಕಳಿಸುತ್ತಾರೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸಿ ವಿಡಿಯೋ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಕೇಳಿಸಿಕೊಳ್ಳಿ: 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೋದ ಗುಂಡು ಯಾರದೋ ಮನೆ ಮಾಳಿಗೆ ಮೇಲೆ ಬೀಳುತ್ತದೆ. ಅಲ್ಲಿ ಮಗು ಆಡ್ತಾ ಇರಬಹುದು.

ಕದ್ದುಮುಚ್ಚಿ ಮಾರುವ ನಾಡ ಪಿಸ್ತೂಲ್ ಅಗ್ಗಕ್ಕೆ ಸಿಗುತ್ತಂತೆ ಅಂತ ಪಿಸುಗುಟ್ಟುವವರೂ ಇದ್ದಾರೆ. ಅಂಥದ್ದರ ಹತ್ತಿರವೂ ಸುಳಿಯಬೇಡಿ ತಮ್ಮಂದಿರಾ. ಜೈಲು ಒಂದು ಕಡೆ, ಕೈಯಲ್ಲೇ ಸಿಡಿದು ಬೆರಳು ಹೋಗುವುದು ಇನ್ನೊಂದು ಕಡೆ.

ಹಾಗಾದರೆ ಪಿಸ್ತೂಲ್ ಪ್ರೀತಿಸುವವನು ಏನು ಮಾಡಬೇಕು? 10 ಮೀಟರ್ ಏರ್ ಪಿಸ್ತೂಲ್ ಕಲಿಯಬೇಕು. ಒಲಿಂಪಿಕ್ಸ್‌ನಲ್ಲಿರುವ ಆಟ ಇದು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಇದರಲ್ಲೇ, ಆಮೇಲೆ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು. ಇದಕ್ಕೆ ಬಳಸುವ .177 ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸದ್ದು ಕಡಿಮೆ, ಹೊಗೆ ಇಲ್ಲ, ಗಾಳಿಯ ಒತ್ತಡದಲ್ಲಿ ಒಂದು ಸಣ್ಣ ಸೀಸದ ಪೆಲೆಟ್ ಹೋಗುತ್ತದೆ ಅಷ್ಟೇ. ಆದರೆ ಆಟಿಕೆ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಒಮ್ಮೆ ಲೇನಿನಲ್ಲಿ ನಿಂತು ನೋಡಿದವರಿಗೆ ಇದರ ರುಚಿ ಗೊತ್ತಾಗುತ್ತದೆ. ಗುರಿಯ ಕಾಗದ 17 ಸೆಂ.ಮೀ. ಚೌಕ. ಅದರ ನಡುವೆ ಹತ್ತು ಅಂಕದ ವೃತ್ತ 11.5 ಮಿ.ಮೀ., ಹೆಚ್ಚುಕಡಿಮೆ ನಮ್ಮ ಅಂಗಿ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿಯಬೇಕು, ಇನ್ನೊಂದು ಕೈ ಪ್ಯಾಂಟಿನ ಜೇಬಲ್ಲಿ. ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಸೈಟ್ ಇರುತ್ತದೆ; ಹಿಂದಿನ ಸೈಟಿನ ಕಚ್ಚಿನಲ್ಲಿ ಮುಂದಿನ ಸೈಟ್ ಬಂದು ಕೂರಬೇಕು, ಎಡಕ್ಕೂ ಬಲಕ್ಕೂ ಬೆಳಕಿನ ಗೆರೆ ಒಂದೇ ಸಮ ಇರಬೇಕು, ಕಣ್ಣು ಸೈಟಿನ ಮೇಲೇ ಇರಬೇಕು, ದೂರದ ಗುರಿಯ ಕಪ್ಪು ವೃತ್ತ ಮಬ್ಬಾಗಿ ಕಂಡರೆ ಕಾಣಲಿ ಬಿಡಿ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅಂತ ನಿಯಮ. ಆ ಅರ್ಧ ಕೆಜಿಯನ್ನು ಬೆರಳಿನ ತುದಿಯಿಂದ ನಿಧಾನಕ್ಕೆ ಒತ್ತುತ್ತಾ ಹೋಗಬೇಕು, ಯಾವಾಗ ಬಿಡುಗಡೆ ಆಯಿತು ಅಂತ ನಮಗೇ ಗೊತ್ತಾಗಬಾರದು. ಈಗ ಹೊಡೀತೀನಿ ಅಂತ ಬೆರಳು ಎಳೆದರೆ ಬರುವುದು ಎಂಟೋ ಏಳೋ ಅಂಕ. ಪಂದ್ಯದಲ್ಲಿ 60 ಹೊಡೆತ, 75 ನಿಮಿಷ. ಅಷ್ಟು ಹೊತ್ತು ಕೈ, ಉಸಿರು, ಮನಸ್ಸು ಮೂರೂ ಒಂದೇ ಕಡೆ ಇರಬೇಕು. ಕಿಲ್ನ್ (ಕುಲುಮೆ) ಮುಂದೆ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಇದರಷ್ಟು ನೆಮ್ಮದಿ ಕೊಡುವುದು ಬೇರೆ ಇಲ್ಲ, ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ನನ್ನ ಬೋನಸ್ ಈಗ ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇನೆ. ವಾರದ ರಜೆಗೆ ರೈಲು ಹತ್ತಿ ಗದಗ ದಾಟಿ ಹುಬ್ಬಳ್ಳಿಗೆ ಹೋಗಿ ಕಲಿಯುವ ಖರ್ಚು, ಕೋಚ್ ಫೀಸು, 500ರ ಡಬ್ಬಿ ಪೆಲೆಟ್, ಚಪ್ಪಟೆ ತಳದ ಶೂ. ಪಂದ್ಯಕ್ಕೆ ಬಳಸುವ ವಿದೇಶಿ ಪಿಸ್ತೂಲ್ ಬೆಲೆ ಸಾಮಾನ್ಯವಾಗಿ ಲಕ್ಷ ದಾಟುತ್ತದೆ, ಅದರ ಯೋಚನೆ ಈಗ ಬೇಡವೇ ಬೇಡ. ಕಲಿಯುವ ತನಕ ಅಕಾಡೆಮಿ ಪಿಸ್ತೂಲ್ ಸಾಕು. ಹೊಸಬರು ಮೊದಲು ಇದನ್ನೇ ಮಾಡುತ್ತಾರೆ: ಪಿಸ್ತೂಲ್ ಕೊಂಡು ಫೋಟೋ ಹಾಕುತ್ತಾರೆ, ಪೆಲೆಟ್ಟಿಗೆ ದುಡ್ಡಿಲ್ಲದೆ ಅಟ್ಟದ ಮೇಲೆ ಇಡುತ್ತಾರೆ. ದುಡ್ಡು ಹೊಡೆತಕ್ಕೆ ಹಾಕಬೇಕು. ಮನೆಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಬಿಳಿ ಗೋಡೆ ಮುಂದೆ ಕೈ ಚಾಚಿ ನಿಂತರೂ ಭುಜ ಪಳಗುತ್ತದೆ, ಅದಕ್ಕೆ ಪೈಸೆ ಖರ್ಚಿಲ್ಲ.

ಇದೆಲ್ಲ ದೊಡ್ಡ ಊರಿನವರ, ಶ್ರೀಮಂತರ ಆಟ ಅನ್ನುವವರಿಗೆ ಎರಡು ಮಾತು. ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು ಬಂದು ಪಿಸ್ತೂಲ್ ಹಿಡಿದು 2013ರಲ್ಲಿ ಕೊರಿಯಾದ ವಿಶ್ವಕಪ್‌ನಲ್ಲಿ 10 ಮೀಟರ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಆಯಿತು. ಆದರೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2016ರಲ್ಲಿ ರಿಯೋ ಒಲಿಂಪಿಕ್ಸ್. ಪ್ಯಾರಿಸ್‌ನಲ್ಲಿ ರೈಫಲ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಸ್ವಪ್ನಿಲ್ ಸಂಬಳದ ಕೆಲಸದಲ್ಲಿ ಇದ್ದುಕೊಂಡೇ ಆಡಿದವರು, ಅಲ್ವಾ? ಕಾಲಿಗೆ ಪೆಟ್ಟಾದವರೂ ಈ ಆಟ ಆಡಬಹುದು. ರುಬಿನಾ ಫ್ರಾನ್ಸಿಸ್ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಏರ್ ಪಿಸ್ತೂಲಿನಲ್ಲೇ. ಕಾರ್ಖಾನೆಗಳಲ್ಲಿ ಅಪಘಾತವಾಗಿ ಮನೆ ಹಿಡಿದ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಇನ್ನು ಪತ್ರ ಬರೆದ ಮುಖ್ಯ ಕಾರಣಕ್ಕೆ ಬರುತ್ತೇನೆ. ನಮ್ಮ ಶಿಫ್ಟಿನ ಒಂದಿಷ್ಟು ಜನ ಬೋನಸ್ಸಿನಲ್ಲಿ ಒಂದು ಪಾಲು ಒಟ್ಟು ಹಾಕಲು ಒಪ್ಪಿದ್ದೇವೆ. ಕಲಿಯುವವರಿಗೆ ಆಗುವ ಪಿಸ್ತೂಲ್, ಪೆಲೆಟ್, ಗುರಿಪೆಟ್ಟಿಗೆ ತರಬಹುದು. ಜಾಗ ಮಾತ್ರ ನಮ್ಮ ಕೈಯಲ್ಲಿಲ್ಲ. ಇದಕ್ಕೆ ಮೈದಾನ ಬೇಡ. ನಿಲ್ಲುವ ಜಾಗ, ಹಿಂದೆ ಓಡಾಡುವ ಜಾಗ ಸೇರಿಸಿ ಹದಿನೈದು ಮೀಟರ್ ಉದ್ದದ ಒಂದು ಕೋಣೆ ಸಾಕು. ಗುರಿಯ ಕಡೆ ಗಟ್ಟಿ ಗೋಡೆ, ಆ ಕಡೆ ಬಾಗಿಲು ಕಿಟಕಿ ಇರಬಾರದು, ಗುರಿಯ ಮೇಲೆ ಚೆನ್ನಾಗಿ ಬೆಳಕು ಬೀಳಬೇಕು, ಪೆಲೆಟ್ ಹಿಡಿಯಲು ತಗಡಿನ ಪೆಟ್ಟಿಗೆ. ಪಿಸ್ತೂಲ್ ಇಡಲು ಬೀಗದ ಕಪಾಟು, ಕೋಚ್ ಇಲ್ಲದೆ ಯಾರೂ ಒಳಗೆ ಕಾಲಿಡಬಾರದು ಅಂತ ನಿಯಮ. ಹಳೇ ಗೋದಾಮು ಆದರೂ ಆದೀತು.

ಗವಿಮಠದ ಜಾತ್ರೆಯಲ್ಲಿ ನೋಡಿ, ಬಲೂನ್ ಹೊಡೆಯುವ ಅಂಗಡಿ ಮುಂದೆ ಎಷ್ಟು ಮಕ್ಕಳು ನಿಂತಿರುತ್ತಾರೆ ಅಂತ. ಬಾಗಿದ ನಳಿಗೆಯ ಗನ್ನಿನಲ್ಲೂ ಕೆಲವು ಹುಡುಗಿಯರು ಸಾಲಿಗೆ ಸಾಲು ಬಲೂನ್ ಒಡೆಯುತ್ತಾರೆ. ಆ ಕೈಗಳಿಗೆ ಸರಿಯಾದ ಪಿಸ್ತೂಲ್, ಸರಿಯಾದ ಪಾಠ ಸಿಕ್ಕರೆ ಎಲ್ಲಿಗೆ ಹೋಗಬಹುದು ಅಂತ ಯಾರಾದರೂ ಯೋಚಿಸಬೇಕು.

ಕಾರ್ಖಾನೆಗಳಿಗೂ ಒಂದು ಮಾತು. ಕಾನೂನು ಹೇಳಿದಷ್ಟು ಲಾಭ ಇದ್ದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಬಳಿಯೇ ಕುಸ್ತಿ, ಬಾಕ್ಸಿಂಗ್, ಜೂಡೋಗೆ ದೊಡ್ಡ ಸಂಸ್ಥೆ ಎದ್ದು ನಿಂತಿದೆ, ದೇಶದ ಎಲ್ಲ ಕಡೆಯಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ. ನಾವು ಕೇಳುತ್ತಿರುವುದು ಒಂದು ಕೋಣೆ.

ಕೊಪ್ಪಳದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರು ಜಿಲ್ಲಾ ಕ್ರೀಡಾಂಗಣದಲ್ಲಿ ಅಥವಾ ಯಾವುದಾದರೂ ಸರಕಾರಿ ಕಟ್ಟಡದಲ್ಲಿ ಇಂಥ ಜಾಗ ತೋರಿಸಿದರೆ ಸುಣ್ಣ ಬಣ್ಣ, ಲೈಟು, ತಗಡಿನ ಪೆಟ್ಟಿಗೆ ಎಲ್ಲ ನಾವೇ ಮಾಡಿಕೊಳ್ಳುತ್ತೇವೆ. ವೆಲ್ಡಿಂಗ್ ಗೊತ್ತಿರುವವರು, ವೈರಿಂಗ್ ಗೊತ್ತಿರುವವರು ನಮ್ಮಲ್ಲೇ ಇದ್ದಾರೆ. ಅರ್ಜಿ ಬರೆದು ಇಟ್ಟಿದ್ದೇವೆ, ಹಬ್ಬದ ರಜೆ ಮುಗಿದ ಕೂಡಲೇ ಕಚೇರಿಗೆ ತಂದು ಕೊಡುತ್ತೇವೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಆಸಕ್ತರೂ ನಮ್ಮ ಜೊತೆ ಸಹಿ ಹಾಕಲಿ.

ಕಾರ್ಖಾನೆ ನೌಕರ
ಗಿಣಿಗೇರಾ, ಕೊಪ್ಪಳ ಜಿಲ್ಲೆ