ವಿಶನ್‌ಸರ್‌ನಲ್ಲಿ ನಮಗೆ ಸಿಗದ ಆ ಒಂದು ದಿನ: ಚಾರಣ ಸಂಸ್ಥೆಗೊಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಚಾರಣ ಸಂಸ್ಥೆ, ಬೆಂಗಳೂರು

ವಿಷಯ: ಕಾಶ್ಮೀರ ಗ್ರೇಟ್ ಲೇಕ್ಸ್ ಚಾರಣದಲ್ಲಿ ವಿಶ್ರಾಂತಿ ದಿನವನ್ನು ಕೈಬಿಟ್ಟಿದ್ದು ಮತ್ತು ಹಣ ವಾಪಸಾತಿ ಕುರಿತು

ಮಾನ್ಯರೇ,

ಈ ಆಗಸ್ಟ್‌ನಲ್ಲಿ ನಾನು ಮತ್ತು ನಮ್ಮ ಅಕ್ಕ ನಿಮ್ಮ ಸಂಸ್ಥೆಯ ಮೂಲಕ ಸೋನ್‌ಮಾರ್ಗ್‌ನಿಂದ ನಾರಾನಾಗ್‌ವರೆಗೆ ಚಾರಣ ಮಾಡಿದೆವು. ವಿಶನ್‌ಸರ್ ಸರೋವರದ ಬಳಿ ಎರಡು ರಾತ್ರಿ ತಂಗುವುದು, ನಡುವಿನ ದಿನ ವಿಶ್ರಾಂತಿ, ಆರಾಮವಾಗಿ ಕಿಶನ್‌ಸರ್‌ವರೆಗೆ ಒಂದು ನಡಿಗೆ ಎಂದು ನೀವು ಕಳಿಸಿದ ವೇಳಾಪಟ್ಟಿಯಲ್ಲೇ ಇದೆ. ಆ ದಿನ ನಮಗೆ ಸಿಗಲಿಲ್ಲ. ಅದರ ದುಡ್ಡು ಮಾತ್ರ ನಿಮಗೆ ಮೊದಲೇ ಸಂದಿದೆ.

ವಿಶನ್‌ಸರ್ ತಲುಪಿದ ರಾತ್ರಿ ಊಟದ ಟೆಂಟ್‌ನಲ್ಲಿ ನಿಮ್ಮ ಟ್ರೆಕ್ ಲೀಡರ್, 'ನಾಳೆ ಬೆಳಿಗ್ಗೆಯೇ ಗಡ್‌ಸರ್ ಪಾಸ್‌ಗೆ ಹೊರಡ್ತೀವಿ' ಎಂದರು. ಬೆಟ್ಟಸಾಲು ದಾಟುವ ಮುಂದಿನ ಎತ್ತರದ ದಾರಿ ಅದು. ಯಾಕೆ ಎಂದು ಕೇಳಿದ್ದಕ್ಕೆ ಮಳೆ ಬರುವ ಸೂಚನೆ ಇದೆ ಎಂಬ ಉತ್ತರ ಬಂತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮರುದಿನವೂ ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ. ನಿಜವಾದ ಕಾರಣ ಗೊತ್ತಾದದ್ದು ಕುದುರೆಯವರಿಂದ. ಮುಂದಿನ ಬ್ಯಾಚ್‌ಗೆ ಅದೇ ಟೆಂಟ್‌ಗಳು, ಅದೇ ಕುದುರೆಗಳು ಒಂದು ದಿನ ಮೊದಲೇ ಬೇಕಾಗಿದ್ದವಂತೆ.

ವಿಶ್ರಾಂತಿ ದಿನ ಅಂದರೆ ಟೆಂಟ್‌ನಲ್ಲಿ ಇಸ್ಪೀಟು ಆಡುವ ದಿನ ಎಂದು ನಿಮ್ಮ ಕಚೇರಿಯವರು ತಿಳಿದಂತಿದೆ. ಫೋನ್‌ನಲ್ಲಿ ಮಾತಾಡಿದವರು ಹೆಚ್ಚುಕಡಿಮೆ ಹಾಗೆಯೇ ಹೇಳಿದರು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾವು ಬೆಂಗಳೂರಿನವರು, 900 ಮೀಟರ್ ಎತ್ತರದಲ್ಲಿ ಬದುಕುವವರು. ಸೋನ್‌ಮಾರ್ಗ್ ಸುಮಾರು 2,800 ಮೀಟರ್. ಅಲ್ಲಿಂದ ಮೇಪಲ್, ಭೂರ್ಜ ಮರಗಳ ಕಾಡು ಹತ್ತಿ, ಮರಗಳೇ ಇಲ್ಲದ ಹುಲ್ಲುಗಾವಲು ದಾಟಿ, 4,100 ಮೀಟರ್ ಆಸುಪಾಸಿನ ನಿಚ್ನಾಯ್ ಪಾಸ್ ಏರಿ ವಿಶನ್‌ಸರ್‌ಗೆ ಇಳಿಯುತ್ತೇವೆ. ಅದು ಸುಮಾರು 3,700 ಮೀಟರ್‌ನಲ್ಲಿದೆ. ಮುಂದಿನ ಗಡ್‌ಸರ್ ಪಾಸ್ ಇಡೀ ದಾರಿಯಲ್ಲೇ ಎತ್ತರದ ಜಾಗ, ಸುಮಾರು 4,200 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಿ ಎಂದು ಪರ್ವತ ವೈದ್ಯರು ಹೇಳುವುದು ದೇಹ ಇದಕ್ಕೆ ಹೊಂದಿಕೊಳ್ಳಲಿ ಎಂದೇ. ನಿಮ್ಮದೇ ಕೈಪಿಡಿಯಲ್ಲೂ ಇದು ಇದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ವಿಶನ್‌ಸರ್‌ನಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟರೆ ಬಂದ ದಾರಿಯಲ್ಲೇ ಸೋನ್‌ಮಾರ್ಗ್‌ಗೆ ವಾಪಸ್ ಕಳಿಸಬಹುದು. ಗಡ್‌ಸರ್ ಪಾಸ್ ದಾಟಿದ ಮೇಲೆ ಆ ಅನುಕೂಲ ಇಲ್ಲ. ಹಿಂದೆ ಎರಡು ಪಾಸ್, ಮುಂದೆ ಸತ್‌ಸರ್ ಸರೋವರಗಳು, ಆಮೇಲೆ ಜಜ್ ಪಾಸ್. ನಾರಾನಾಗ್‌ವರೆಗೆ ವಾಹನ ಹೋಗುವ ರಸ್ತೆಯೇ ಇಲ್ಲ. ಯಾರು ಮುಂದೆ ಹೋಗಬಹುದು, ಯಾರು ಹೋಗಬಾರದು ಎಂದು ನೋಡುವುದಕ್ಕೇ ಆ ದಿನ ಇರುವುದು. ನೀವು ಕಿತ್ತುಹಾಕಿದ್ದು ಅದನ್ನೇ.

ಅಕ್ಕನಿಗೆ ಆ ರಾತ್ರಿಯೇ ತಲೆನೋವು ಶುರುವಾಗಿತ್ತು. ಬೆಳಗಿನ ಜಾವ ವಾಂತಿ. ಟ್ರೆಕ್ ಲೀಡರ್‌ಗೆ ಹೇಳಿದೆವು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತಂದರು, ಅದರಲ್ಲಿ ಸೆಲ್ ಸತ್ತಿತ್ತು. ಬೇರೆ ಸೆಲ್ ಇರಲಿಲ್ಲ. ಬೆಳ್ಳುಳ್ಳಿ ಸೂಪ್ ಕೊಟ್ಟು, 'ನಡೆಯುತ್ತಾ ಸರಿ ಹೋಗುತ್ತೆ ದೀದಿ' ಎಂದರು. ತಲೆನೋವಿನ ಜೊತೆ ವಾಂತಿ ಇರುವವರನ್ನು ಇನ್ನೂ ಮೇಲೆ ಹತ್ತಿಸಬಾರದು ಎಂಬುದು ಈ ಕೆಲಸ ಮಾಡುವವರಿಗೆ ಮೊದಲ ಪಾಠ ಅಲ್ವಾ? ಅಕ್ಕನ ಜೊತೆ ನಾನು ಅಲ್ಲೇ ಉಳಿಯುತ್ತೇನೆ ಎಂದೆ. ಟೆಂಟ್ ಬಿಡಲು ಆಗುವುದಿಲ್ಲ ಎಂದರು.

ಕೊನೆಗೆ ಕುದುರೆಯವರೊಬ್ಬರು ಸಾಮಾನು ಇಳಿಸಿ ಹಂಚಿಕೊಂಡು, ಅಕ್ಕನನ್ನು ಕುದುರೆ ಮೇಲೆ ಕೂರಿಸಿ ಪಾಸ್ ದಾಟಿಸಿದರು. ಆ ಕುದುರೆಗೆ ನಿಮ್ಮವರು ನಮ್ಮಿಂದ ಬೇರೆ ಹಣ ವಸೂಲಿ ಮಾಡಿದ್ದಾರೆ. ಕುದುರೆಯವರ ಮೇಲಾಗಲೀ ಅಡುಗೆಯವರ ಮೇಲಾಗಲೀ ನನ್ನ ದೂರಿಲ್ಲ. ಅವರು ಒಳ್ಳೆಯವರು, ಕೆಲಸ ಬಲ್ಲವರು. ಪಾಸ್ ಏರುವಾಗ ಹಿಂದೆ ತಿರುಗಿದರೆ ವಿಶನ್‌ಸರ್ ಮತ್ತು ಕಿಶನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ನಿಮ್ಮ ಜಾಹೀರಾತಿನಲ್ಲಿರುವುದು ಅದೇ ಫೋಟೋ. ಅಕ್ಕ ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಜೀನು ಹಿಡಿದು ಕೂತಿದ್ದರು.

ಗಡ್‌ಸರ್ ಕಡೆಗೆ ಇಳಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡರು. ಅದೃಷ್ಟ ಚೆನ್ನಾಗಿತ್ತು. ನಿಮ್ಮವರು ಇದನ್ನೇ ಹಿಡಿದುಕೊಂಡು, 'ಏನೂ ಆಗಲಿಲ್ವಲ್ಲ ಸರ್' ಎನ್ನುತ್ತಿದ್ದಾರೆ.

ಗಂಗಾಬಲ್ ಸರೋವರದಿಂದ ನಾರಾನಾಗ್‌ಗೆ ಪೈನ್ ಕಾಡಿನೊಳಗೆ ಇಳಿಯುವ ದಾರಿ ಬಲು ಕಡಿದು, ಒಂದೇ ದಿನದಲ್ಲಿ 1,300 ಮೀಟರ್‌ಗೂ ಹೆಚ್ಚು ಇಳಿಯಬೇಕು. ಅದನ್ನೂ ಅವಸರದಲ್ಲೇ ಇಳಿಸಿದರು. ಒಂದು ದಿನ ಮೊದಲೇ ಶ್ರೀನಗರ ತಲುಪಿದ್ದರಿಂದ ವಿಮಾನದ ದಿನದವರೆಗೆ ಹೋಟೆಲ್ ಖರ್ಚು ನಮ್ಮದಾಯಿತು.

ನಿಮ್ಮ ಷರತ್ತುಗಳಲ್ಲಿ 'ಹವಾಮಾನದ ಕಾರಣಕ್ಕೆ ವೇಳಾಪಟ್ಟಿ ಬದಲಾಗಬಹುದು' ಎಂದಿದೆ, ಒಪ್ಪುತ್ತೇನೆ. ಟೆಂಟ್ ಕೊರತೆಗೆ ಬದಲಾಗಬಹುದು ಎಂದು ಎಲ್ಲೂ ಇಲ್ಲ. ಆ ದಿನಗಳ ಆಕಾಶ ಹೇಗಿತ್ತು ಎಂಬುದಕ್ಕೆ ಸಮಯ ಸಮೇತ ಫೋಟೋಗಳಿವೆ. ನಾವು ಯಾವ ದಿನ ಎಲ್ಲಿದ್ದೆವು ಎಂಬುದಕ್ಕೆ ದಾರಿಯ ಸೇನಾ ಚೆಕ್‌ಪೋಸ್ಟ್‌ಗಳಲ್ಲಿ ಆಧಾರ್ ತೋರಿಸಿ ಹೆಸರು ಬರೆಸಿದ ದಾಖಲೆ ಇದೆ.

ಕೈಬಿಟ್ಟ ದಿನದ ಶುಲ್ಕ ಇಬ್ಬರಿಗೂ, ಕುದುರೆಗೆ ಕೊಟ್ಟ ಹಣ, ಶ್ರೀನಗರದ ಹೋಟೆಲ್ ಖರ್ಚು, ಇಷ್ಟನ್ನೂ ವಾಪಸ್ ಕೊಡಿ. ರಸೀದಿಗಳು ಈ ಪತ್ರದ ಜೊತೆಗಿವೆ. ವಿಶ್ರಾಂತಿ ದಿನವನ್ನು ಕೈಬಿಡಲು ಯಾರು ಹೇಳಿದರು ಎಂಬುದಕ್ಕೆ ಲಿಖಿತ ಉತ್ತರ ಬೇಕು, ಫೋನ್ ಮಾತು ಸಾಕಾಗುವುದಿಲ್ಲ. ಈ ಸೀಸನ್ ಸೆಪ್ಟೆಂಬರ್‌ವರೆಗೂ ಇದೆ. ಉಳಿದ ಬ್ಯಾಚ್‌ಗಳಿಗಾದರೂ ಕೆಲಸ ಮಾಡುವ ಆಕ್ಸಿಮೀಟರ್ ಕಳಿಸಿ, ವಿಶನ್‌ಸರ್‌ನ ಎರಡನೇ ರಾತ್ರಿಯನ್ನು ಉಳಿಸಿ.

15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುತ್ತೇನೆ. ನಾನು ವಾಸವಿರುವ ಜಿಲ್ಲೆಯಲ್ಲೇ ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ.

ಇಂತಿ,
ನಿಮ್ಮ ಆಗಸ್ಟ್ ಬ್ಯಾಚ್‌ನ ಚಾರಣಿಗ

ಲಗತ್ತು: ವೇಳಾಪಟ್ಟಿ, ಪಾವತಿ ರಸೀದಿ, ಹೋಟೆಲ್ ಬಿಲ್, ಫೋಟೋಗಳು