ದಾನಿಯ ಕಲ್ಲು, ಅಂಗಡಿಯ ಕಿರ್ದಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಹಳೆಯ ವ್ಯಾಪಾರಸ್ಥ ಮನೆತನಗಳ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಎಲ್ಲ ಮನೆತನದ ಹಿರಿಯರೂ ಒಂದೇ ಥರ ಕಾಣುತ್ತಾರೆ. ಬರಿಗೈಯಲ್ಲಿ ಊರಿಗೆ ಬಂದರು, ಬೆವರು ಸುರಿಸಿದರು, ಗಳಿಸಿದ್ದನ್ನು ದಾನ ಮಾಡಿದರು. ಮೇಲೊಂದು ರುಮಾಲು ಸುತ್ತಿದ ಫೋಟೊ. ನಮ್ಮ ಮುತ್ತಜ್ಜನ ಬಗ್ಗೆ ಕೇಳಿದ್ದರೆ ಮೊದಲು ನಾನೂ ಹೀಗೇ ಬರೆದುಕೊಡುತ್ತಿದ್ದೆ. ಈಗ ಆಗುವುದಿಲ್ಲ. ಅವರ ಕಿರ್ದಿ, ಅಂದರೆ ಅಂಗಡಿಯ ದಿನದಿನದ ಲೆಕ್ಕದ ಪುಸ್ತಕ, ಓದಿಬಿಟ್ಟಿದ್ದೇನೆ.

ಮುತ್ತಜ್ಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದರು. ಆಗ ನಮ್ಮೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಮೊನ್ನೆ ಮೊನ್ನೆ. ರೈಲು ಬಂದ ಮೇಲೆ ಪೇಟೆ ಬೆಳೆಯಿತು, ಪೇಟೆಯ ಜತೆ ಮುತ್ತಜ್ಜನೂ ಬೆಳೆದರು. ಅಟ್ಟದ ಮೇಲಿದ್ದ ಕೆಂಪು ಬಟ್ಟೆಯ ಉದ್ದನೆ ಪುಸ್ತಕಗಳು ನನ್ನ ಪಾಲಿಗೆ ಬಂದವು. ಪಾಲಿಗೆ ಬಂದವು ಅನ್ನುವುದಕ್ಕಿಂತ, ಬೇರೆ ಯಾರಿಗೂ ಬೇಡವಾಗಿದ್ದವು. ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತಳಾದವಳು. ಜಮೆ, ಖರ್ಚು ಕಂಡರೆ ಸುಮ್ನೆ ಇರಲಾಗುವುದಿಲ್ಲ. ತೀರ ಹಳೆಯ ಪುಸ್ತಕಗಳನ್ನು ಗುಮಾಸ್ತರು ಮರಾಠಿಯ ಹಳೆಯ ಓಡುಬರಹವಾದ ಮೋಡಿ ಲಿಪಿಯಲ್ಲಿ ಬರೆದಿದ್ದಾರೆ, ಅವು ನನಗೆ ಓದಲು ಬರುವುದಿಲ್ಲ. ಉಳಿದವು ಕನ್ನಡದಲ್ಲೇ ಇವೆ.

ದಲಾಲಿ ಎಂದರೇನು ಎಂದು ಈಗಿನವರಿಗೆ ಹೇಳಬೇಕು. ರೈತ ಚಕ್ಕಡಿಯಲ್ಲಿ ಚೀಲ ತಂದು ಅಂಗಡಿ ಮುಂದೆ ಇಳಿಸುತ್ತಿದ್ದ. ರಾತ್ರಿ ಅಂಗಡಿ ಕಟ್ಟೆಯ ಮೇಲೇ ಮಲಗುತ್ತಿದ್ದ, ಊಟ ನಮ್ಮ ಮನೆಯಿಂದ ಹೋಗುತ್ತಿತ್ತು. ಮಾಲು ಕೊಳ್ಳುವವನು ಬೇರೆ, ಮಾರಿಸಿಕೊಡುವವರು ಮುತ್ತಜ್ಜ. ದರ ಕುದುರಿಸುವುದು ಬಟ್ಟೆಯ ಕೆಳಗೆ ಬೆರಳು ಹಿಡಿದು. ಬೆಳೆದವನು ಅಲ್ಲೇ ನಿಂತಿರುತ್ತಿದ್ದ, ಯಾವ ಬೆರಳು ಎಷ್ಟು ಹೇಳಿತು ಅನ್ನುವುದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಕೊನೆಗೆ ಅವನ ಕೈಗೆ ಒಂದು ಪಟ್ಟಿ ಬರುತ್ತಿತ್ತು. ಮಾಲಿನ ಬೆಲೆಯಲ್ಲಿ ದಲಾಲಿ ಕಳೆ, ಹಮಾಲಿ ಕಳೆ, ತೂಕದ ಕೂಲಿ ಕಳೆ. ತೂಕದಲ್ಲೇ ಸೂಟು ಎಂದು ಒಂದಿಷ್ಟು ಬಿಡಬೇಕು. ಇಷ್ಟೆಲ್ಲ ಆದ ಮೇಲೆ ಧರ್ಮಾದಾಯ ಎಂದು ಚೀಲಕ್ಕೆ ಇಷ್ಟು ಪೈ. ಈ ಧರ್ಮಾದಾಯ ದೇವರಿಗೆ, ಗೋವಿಗೆ, ಶಾಲೆಗೆ, ನೀರಿಗೆ. ಹಿಡಿಯುವವರು ವ್ಯಾಪಾರಿಗಳು, ಖರ್ಚು ಮಾಡುವವರೂ ಅವರೇ. ಕೊಡುವವನನ್ನು ಯಾರೂ ಕೇಳುತ್ತಿರಲಿಲ್ಲ. ಇದು ಬರೀ ನಮ್ಮ ಅಂಗಡಿಯ ಮಾತಲ್ಲ, ಪ್ರಾಂತ್ಯದ ಎಷ್ಟೋ ಪೇಟೆಗಳ ನಡಾವಳಿ. 1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್ ಕೂಡ ಇಂಥ ಕಡಿತಗಳನ್ನು ಎತ್ತಿ ಆಡಿತ್ತು. ಮುಂಬೈ ಪ್ರಾಂತ್ಯಕ್ಕೆ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದದ್ದು 1939ರಲ್ಲಿ.

ಈಗ ಬಾವಿಗೆ ಬರುತ್ತೇನೆ. ಪೇಟೆಗೆ ಬರುವ ಎತ್ತುಗಳಿಗೂ ಜನಕ್ಕೂ ನೀರಾಗಲಿ ಎಂದು ಮುತ್ತಜ್ಜ ಒಂದು ಬಾವಿ ತೋಡಿಸಿದ್ದರು. ಬಾವಿಯ ಪಕ್ಕದ ಕಲ್ಲಿನ ಮೇಲೆ ಅವರ ಹೆಸರು, ತಂದೆಯ ಹೆಸರು, ಇಸವಿ ಇದೆ. ಈಗ ಮೇಲೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಗಣಪತಿ ಬಿಡುವಾಗ ಮಾತ್ರ ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಲಗ್ನ, ಮುಂಜಿ ಏನೇ ಆಗಲಿ, ಬೀಗರಿಗೆ ಆ ಕಲ್ಲು ತೋರಿಸುವುದು ತಪ್ಪುತ್ತಿರಲಿಲ್ಲ. ಕಿರ್ದಿಯಲ್ಲಿ ಬಾವಿಯ ಲೆಕ್ಕ ಪೂರ್ತಿ ಇದೆ. ತೋಡಿದವರ ಕೂಲಿ, ಕಲ್ಲು, ಸುಣ್ಣ, ಗಾಡಿ ಬಾಡಿಗೆ. ಎಲ್ಲವೂ ಧರ್ಮಾದಾಯದ ಖಾತೆಗೆ ಖರ್ಚು ಬಿದ್ದಿದೆ. ಅಂಗಡಿಯ ಸ್ವಂತ ಖಾತೆಯಿಂದ ಒಂದು ಆಣೆ ಕೂಡ ಹೋಗಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿದವನ ಕೂಲಿಯೂ ಅದೇ ಖಾತೆಗೆ!

ಆ ಸಾಲು ನೋಡಿದಾಗ ನಕ್ಕುಬಿಟ್ಟೆ. ಹಿರೇಕೆರೂರು, ರಾಣೆಬೆನ್ನೂರು ಕಡೆಯ ಎಷ್ಟು ಜನ ರೈತರ ಪೈಗಳು ಕೂಡಿ ನಮ್ಮ ಮುತ್ತಜ್ಜನ ಹೆಸರಾಯಿತು ನೋಡಿ.

ಹಾಗಂತ ಅವರನ್ನು ಕಳ್ಳ ಅನ್ನಲಾರೆ. ಧರ್ಮಾದಾಯ ಹಿಡಿದು ತಮ್ಮ ವ್ಯಾಪಾರಕ್ಕೇ ತಿರುಗಿಸಿಕೊಂಡವರೂ ಇದ್ದರು. ಇವರು ಅದಕ್ಕೆ ಬೇರೆ ಖಾತೆ ಇಟ್ಟು, ಪೈಗೆ ಪೈ ಬರೆದು, ಬಾವಿಯನ್ನೇ ತೋಡಿಸಿದರು. ಮುಚ್ಚಿಡುವ ಮನಸ್ಸಿದ್ದರೆ ಕೆತ್ತಿದ ಕೂಲಿಯನ್ನು ಯಾಕೆ ಬರೆಯುತ್ತಿದ್ದರು? ಅವರ ಕಣ್ಣಿಗೆ ಇದರಲ್ಲಿ ತಪ್ಪೇ ಕಂಡಿರಲಿಕ್ಕಿಲ್ಲ. ನನಗೆ ಜಾಸ್ತಿ ಕಾಡುವುದು ಇದೇ.

ಮನೆಯ ಸಂಗತಿಗಳೂ ಇದೇ ಪುಸ್ತಕಗಳಲ್ಲಿ ಅಡಗಿವೆ. ಬಲಿಪಾಡ್ಯಮಿಗೆ ಹೊಸ ಪುಸ್ತಕ ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಶಕೆ 1840, ಕಾಳಯುಕ್ತಿ ಸಂವತ್ಸರದ ಪುಸ್ತಕದಲ್ಲಿ, ಅಂದರೆ 1918ರಲ್ಲಿ, ಮೊದಲ ಹಾಳೆಯ ಮೇಲೆ ಶ್ರೀಕಾರವೂ ಕುಂಕುಮದ ಕಲೆಯೂ ಇವೆ. ಮುಂದಿನ ಹಾಳೆಗಳು ಖಾಲಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಮೇಲೆ ಇನ್‌ಫ್ಲುಯೆಂಜಾ. ಮುತ್ತಜ್ಜನ ಮೊದಲ ಹೆಂಡತಿ ತೀರಿಕೊಂಡದ್ದು ಆಗಲೇ. ಲೆಕ್ಕ ಮತ್ತೆ ಶುರುವಾಗುವಾಗ ಅಕ್ಷರ ಬೇರೆಯವರದು. ಮರುವರ್ಷ ಲಗ್ನದ ಖರ್ಚು ಬರುತ್ತದೆ. ಅದು ಅವರದೇ ಎರಡನೇ ಲಗ್ನ, ನಮ್ಮ ಮುತ್ತಜ್ಜಿ ಮನೆಗೆ ಬಂದದ್ದು ಹಾಗೆ. ಅದೇ ವರ್ಷ ತೀರಿಹೋದ ಇಬ್ಬರು ರೈತರ ಬಾಕಿಯ ಮೇಲೆ ಅಡ್ಡಗೆರೆ ಎಳೆದು ‘ಬಿಟ್ಟಿದ್ದು’ ಎಂದು ಬರೆದಿದ್ದಾರೆ. ಮನೆಯಲ್ಲಿ ಯಾರೂ ಈ ಮಾತು ಹೇಳಿದ್ದು ನಾನು ಕೇಳಿಲ್ಲ. ಮೂರನೆಯ ಒಬ್ಬನ ಹೊಲ ಮಾತ್ರ ಸಾಲಕ್ಕೆ ಬಂದು ಸೇರಿದೆ. ಅದನ್ನೂ ಯಾರೂ ಹೇಳಿಲ್ಲ. ಬೆಳೆ ಬರುವ ಮೊದಲೇ ಮುಂಗಡ ಕೊಟ್ಟರೆ ರೈತ ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಒಂದು ಬೆಳೆ ಕೆಟ್ಟರೆ ಮುಂಗಡ ಸಾಲವಾಗುತ್ತದೆ, ಎರಡು ಕೆಟ್ಟರೆ ಹೊಲ. ನಮ್ಮ ಅಜ್ಜಂದಿರು ಕಾಲೇಜು ಕಲಿತದ್ದು ಆ ಹೊಲದ ಮೇಲೆ.

ಮುತ್ತಜ್ಜಿಯ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ. ಹೆಣ್ಣುಮಕ್ಕಳು ಕಾಣುವುದು ಲಗ್ನದ ಖರ್ಚಿನಲ್ಲಿ, ಬಾಣಂತನದ ಖರ್ಚಿನಲ್ಲಿ. ಆದರೆ ದರ ಬಿದ್ದುಹೋದ 1931ರ ಸುಮಾರಿಗೆ ‘ಮನೆಯಿಂದ ಜಮೆ’ ಎಂದು ದೊಡ್ಡ ಮೊತ್ತ ಬಂದಿದೆ, ಪಕ್ಕದಲ್ಲಿ ಬಂಗಾರದ ತೊಲ. ಆಗ ದೇಶದ ತುಂಬ ಜನ ಬಂಗಾರ ಮಾರಿ ಸಂಸಾರ ನಡೆಸುತ್ತಿದ್ದರು. ನಮ್ಮ ಅಂಗಡಿ ಬಾಗಿಲು ಹಾಕದೆ ಉಳಿದದ್ದು ಆಕೆಯ ಪಾಟಲಿ ಬಳೆಗಳಿಂದ.

1957ರ ಪುಸ್ತಕ ನೋಡಿದರೆ ಮಜಾ. ಏಪ್ರಿಲ್‌ನಿಂದ ಆಣೆಯ ಲೆಕ್ಕದ ಬದಲು ನಯಾ ಪೈಸೆ, ರೂಪಾಯಿಗೆ ನೂರು. ಅಜ್ಜ ಅಂಚಿನಲ್ಲಿ ಕೋಷ್ಟಕ ಬರೆದಿಟ್ಟುಕೊಂಡಿದ್ದಾರೆ: 1 ಆಣೆಗೆ 6, 3 ಆಣೆಗೆ 19, 4 ಆಣೆಗೆ 25.

ಇಂಥ ಪುಸ್ತಕಗಳು ಊರೂರಲ್ಲಿ ರಾಶಿ ಇದ್ದವು. ಈಗ ಯಾಕಿಲ್ಲ? ಒಂದಿಷ್ಟು ಗೆದ್ದಲು ತಿಂದಿತು, ಒಂದಿಷ್ಟು ರದ್ದಿಗೆ ಹೋಯಿತು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1976ರಲ್ಲಿ ಕರ್ನಾಟಕದ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರ, ಕೂಲಿಕಾರರ ಖಾಸಗಿ ಸಾಲ ಮನ್ನಾ ಆಯಿತು, ಅಡವು ಇಟ್ಟದ್ದನ್ನು ವಾಪಸು ಕೊಡಬೇಕಾಯಿತು. ನಾನಾಗ ಏಳನೇ ಇಯತ್ತೆ. ನಮ್ಮ ಬಚ್ಚಲ ಒಲೆಗೆ ಆ ವಾರ ಕಟ್ಟಿಗೆ ಬೇಕಾಗಲಿಲ್ಲ. ಸಾಲದ ಖಾತೆಗಳು ಹೋದವು, ವ್ಯಾಪಾರದ ಕಿರ್ದಿಗಳು ಹೇಗೋ ಉಳಿದವು.

ಉಳಿದದ್ದನ್ನು ಎಲ್ಲಾದರೂ ಕೊಡೋಣ ಎಂದು ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ‘ಇವು ಪುಸ್ತಕ ಅಲ್ಲವಲ್ಲ ಮೇಡಂ, ಯಾರು ಓದುತ್ತಾರೆ?’ ಅಂದರು. ತಾಳೆಗರಿ, ತಾಮ್ರಪಟಕ್ಕೆ ನಮ್ಮಲ್ಲಿ ಜಾಗ ಇದೆ, ಇರಲೇಬೇಕು. ರಾಜರು ದಾನ ಬಿಟ್ಟ ಊರುಗಳ ಲೆಕ್ಕ ಕಲ್ಲಿನಲ್ಲಿ ಸಿಗುತ್ತದೆ. ಒಬ್ಬ ರೈತ ಒಂದು ಚೀಲ ಮೆಣಸಿನಕಾಯಿ ಮಾರಿ ಮನೆಗೆ ಎಷ್ಟು ತಂದ ಎನ್ನುವುದು ಇಂಥ ಕಿರ್ದಿಯಲ್ಲಿ ಬಿಟ್ಟರೆ ಎಲ್ಲಿ ಸಿಕ್ಕೀತು? ಧಾರವಾಡದ ವಿಶ್ವವಿದ್ಯಾಲಯದವರೋ ರಾಜ್ಯ ಪತ್ರಾಗಾರದವರೋ ತಾಲ್ಲೂಕಿಗೆ ಒಂದು ದಿನ ಬಂದು, ಪುಸ್ತಕಗಳ ಫೋಟೊ ತೆಗೆದುಕೊಂಡು ಹೋದರೂ ಸಾಕು. ಸಾಲಗಾರರ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ, ನಿಜ. ಆ ಹೆಸರುಗಳನ್ನು ಕೆಲವು ವರ್ಷ ಮುಚ್ಚಿಡುವ ಏರ್ಪಾಡು ಮಾಡಿದರೆ ಕೊಡುವವರಿಗೂ ಧೈರ್ಯ ಬರುತ್ತದೆ.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಇದೆ ಎಂದುಕೊಳ್ಳಬೇಡಿ. ಬಾವಿಯ ಕಲ್ಲಿನ ಕೆಳಗೆ ‘ರೈತರ ಧರ್ಮಾದಾಯದಿಂದ ಕಟ್ಟಿದ್ದು’ ಎಂದು ಇನ್ನೊಂದು ಸಾಲು ಕೆತ್ತಿಸೋಣ ಎಂದು ದೊಡ್ಡಪ್ಪನ ಮಗನಿಗೆ ಹೇಳಿದೆ. ‘ಸತ್ತವರ ಲೆಕ್ಕ ಈಗ ಯಾಕವ್ವಾ ತೆಗೀತಿ?’ ಎಂದು ಫೋನಿಟ್ಟ. ಅವನದು ತಪ್ಪು ಅನ್ನಲಾರೆ, ಅವನು ಅದೇ ಊರಲ್ಲಿ ಅದೇ ವ್ಯಾಪಾರ ಮಾಡಿಕೊಂಡಿರಬೇಕು. ನಾನು ಹುಬ್ಬಳ್ಳಿಯಲ್ಲಿ ಪಿಂಚಣಿ ತಿನ್ನುವವಳು. ಆ ಸಾಲು ಕೆತ್ತುವ ಕೂಲಿ ನಾನೇ ಕೊಡುತ್ತೇನೆ ಎಂದೂ ಹೇಳಿಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಒಂದು ವಿನಂತಿ ನಿಮಗೂ. ಮುಂದಿನ ಸಲ ಇಂಥ ಮನೆತನದ ಬರಹ ಬಂದಾಗ, ರುಮಾಲಿನ ಫೋಟೊ ಜತೆಗೆ ಕಿರ್ದಿಯ ಒಂದು ಹಾಳೆಯ ಫೋಟೊ ಕೂಡ ಕಳಿಸಿ ಎಂದು ಬರೆದವರನ್ನು ಕೇಳಿ.

ಇಂತಿ,
ಬ್ಯಾಡಗಿ ಮೂಲದ ಓದುಗಿ, ಹುಬ್ಬಳ್ಳಿ